ಏಳು ಕೋಟಿ ಉಳಿತಾಯವನ್ನು ಪ್ರಶ್ನಿಸಿದ ಮೇಷ್ಟ್ರು: ಗೋಪಾಲಕೃಷ್ಣ ಗೋಖಲೆ

1902ರ ಮಾರ್ಚ್ 26. ಕೋಲ್ಕತ್ತಾದಲ್ಲಿ ವೈಸ್‌ರಾಯ್ ಅವರ ಶಾಸನ ಪರಿಷತ್ತು ಬಜೆಟ್ ಮೇಲೆ ಚರ್ಚೆಗೆ ಸೇರಿತ್ತು. ಚರ್ಚೆ ಅಂದರೆ ಇಂದಿನ ಸಂಸತ್ತಿನ ಚರ್ಚೆಯಂತಲ್ಲ. ಸದಸ್ಯರು ವರ್ಷಕ್ಕೊಮ್ಮೆ ಎದ್ದು ನಿಂತು ಮಾತನಾಡಬಹುದಿತ್ತು, ಅಷ್ಟೇ. ಮತ ಹಾಕುವಂತಿರಲಿಲ್ಲ, ಯಾವ ಇಲಾಖೆಯ ಖರ್ಚಿನಲ್ಲೂ ಒಂದು ಕಾಸು ಕಡಿಮೆ ಮಾಡಿ ಎಂದು ಗೊತ್ತುವಳಿ ತರುವಂತಿರಲಿಲ್ಲ. ಹೊಸ ಹಣಕಾಸು ವರ್ಷ ಶುರುವಾಗಲು ಐದೇ ದಿನ ಬಾಕಿ. ಲೆಕ್ಕವೆಲ್ಲ ಮೊದಲೇ ಮುಗಿದುಹೋಗಿರುತ್ತಿತ್ತು.

ಆ ವರ್ಷ ಸರ್ಕಾರ ಖುಷಿಯಲ್ಲಿತ್ತು. ಹಣಕಾಸು ಸದಸ್ಯ ಸರ್ ಎಡ್ವರ್ಡ್ ಲಾ ಅವರ ಲೆಕ್ಕದ ಪ್ರಕಾರ ಖಜಾನೆಯಲ್ಲಿ ಖರ್ಚು ಕಳೆದು ಸುಮಾರು ಏಳು ಕೋಟಿ ರೂಪಾಯಿ ಉಳಿದಿತ್ತು. ಅಂಥ ಉಳಿತಾಯವನ್ನು ದೇಶ ಹಿಂದೆ ಕಂಡಿರಲಿಲ್ಲ. ಅಭಿನಂದನೆಗಳು ಬಂದವು. ಆಗ ಪುಣೆಯಿಂದ ಬಂದಿದ್ದ 35 ವರ್ಷದ ಹೊಸ ಸದಸ್ಯರೊಬ್ಬರು ಎದ್ದು, ತಾವು ಈ ಅಭಿನಂದನೆಯಲ್ಲಿ ಸೇರಲಾರೆ ಎಂದರು. ಅವರೇ ಗೋಪಾಲಕೃಷ್ಣ ಗೋಖಲೆ.

ಅವರ ಆಕ್ಷೇಪ ಏನಾಗಿತ್ತು? ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಗೋಖಲೆ ಎಂದರೆ ಗಾಂಧೀಜಿಯವರ ರಾಜಕೀಯ ಗುರು ಎಂಬ ಒಂದು ಸಾಲಿನಲ್ಲಿ ನಮ್ಮ ಪಠ್ಯಪುಸ್ತಕಗಳು ಮುಗಿಸಿಬಿಡುತ್ತವೆ.

ಭಾರತ ಸರ್ಕಾರ ಪ್ರತಿವರ್ಷ ಇಂಗ್ಲೆಂಡಿಗೆ ದೊಡ್ಡ ಮೊತ್ತ ಕಳುಹಿಸಬೇಕಿತ್ತು. ಸಾಲದ ಬಡ್ಡಿ, ನಿವೃತ್ತ ಅಧಿಕಾರಿಗಳ ಪಿಂಚಣಿ, ಲಂಡನ್ನಿನ ಇಂಡಿಯಾ ಆಫೀಸಿನ ಖರ್ಚು, ಎಲ್ಲವೂ ಪೌಂಡ್ ಲೆಕ್ಕದಲ್ಲಿ. ಆದರೆ ತೆರಿಗೆ ಬರುತ್ತಿದ್ದದ್ದು ಬೆಳ್ಳಿಯ ರೂಪಾಯಿಯಲ್ಲಿ. ಬೆಳ್ಳಿಯ ಬೆಲೆ ಕುಸಿದಂತೆ ರೂಪಾಯಿಯೂ ಕುಸಿಯಿತು. 1894-95ರ ಹೊತ್ತಿಗೆ ಒಂದು ರೂಪಾಯಿಗೆ ಸುಮಾರು 13 ಪೆನ್ಸ್ ಮಾತ್ರ ಸಿಗುತ್ತಿತ್ತು. ಒಂದು ಪೌಂಡಿಗೆ 240 ಪೆನ್ಸ್. ಅಂದರೆ ಒಂದು ಪೌಂಡ್ ಕಳುಹಿಸಲು ಹದಿನೆಂಟೂವರೆ ರೂಪಾಯಿ ಬೇಕು. ಈ ನಷ್ಟ ತುಂಬಿಕೊಳ್ಳಲು ಸರ್ಕಾರ ತೆರಿಗೆಗಳನ್ನು ಏರಿಸುತ್ತಾ ಹೋಯಿತು. 1886ರಲ್ಲಿ ಆದಾಯ ತೆರಿಗೆ ಬಂತು. 1888ರಲ್ಲಿ ಉಪ್ಪಿನ ಸುಂಕ ಮಣಕ್ಕೆ 2 ರೂಪಾಯಿಯಿಂದ ಎರಡೂವರೆ ರೂಪಾಯಿಗೆ ಏರಿತು. (ಇದು ನಮ್ಮ ಕಡೆಯ ಸಣ್ಣ ಮಣವಲ್ಲ, ಸುಮಾರು 37 ಕಿಲೋ ತೂಗುವ ಉತ್ತರದ ಮಣ.) ಆಮೇಲೆ 1893ರಲ್ಲಿ ಸರ್ಕಾರ ಟಂಕಸಾಲೆಗಳಲ್ಲಿ ಜನರ ಬೆಳ್ಳಿಯನ್ನು ನಾಣ್ಯ ಮಾಡಿಕೊಡುವುದನ್ನು ನಿಲ್ಲಿಸಿತು. ಕೆಲವೇ ವರ್ಷಗಳಲ್ಲಿ ರೂಪಾಯಿ 16 ಪೆನ್ಸಿಗೆ ಬಂದು ನಿಂತಿತು. ಈಗ ಒಂದು ಪೌಂಡಿಗೆ 15 ರೂಪಾಯಿ ಸಾಕು. ಪ್ರತಿ ಪೌಂಡಿನಲ್ಲೂ ಮೂರೂವರೆ ರೂಪಾಯಿ ಉಳಿಯತೊಡಗಿತು. ಆದರೆ ಹಳೆಯ ನಷ್ಟದ ಹೆಸರಲ್ಲಿ ಏರಿಸಿದ್ದ ತೆರಿಗೆಗಳನ್ನು ಮಾತ್ರ ಯಾರೂ ಇಳಿಸಲಿಲ್ಲ.

ಹಾಗಾದರೆ ಆ ಏಳು ಕೋಟಿ ದೇಶದ ಸಮೃದ್ಧಿಯ ಗುರುತಲ್ಲ. ಅಗತ್ಯಕ್ಕಿಂತ ಹೆಚ್ಚು ಕಿತ್ತುಕೊಂಡ ತೆರಿಗೆ. ಅದೂ 1896-97 ಮತ್ತು 1899-1900ರ ಭೀಕರ ಬರಗಳ, ಪ್ಲೇಗಿನ ನಡುವೆ ಕಿತ್ತುಕೊಂಡದ್ದು. ಖಜಾನೆ ತುಂಬಿದೆ ಎಂದ ಮಾತ್ರಕ್ಕೆ ಜನ ಚೆನ್ನಾಗಿದ್ದಾರೆ ಎಂದು ಅರ್ಥವಲ್ಲ ಎಂಬುದು ಗೋಖಲೆಯವರ ವಾದ. ಅವರು ಬಳಸಿದ ಅಂಕಿಗಳೆಲ್ಲ ಸರ್ಕಾರವೇ ಅಚ್ಚು ಹಾಕಿಸಿದ ಪುಸ್ತಕಗಳದ್ದು. ಅಲ್ಲಗಳೆಯುವುದು ಹೇಗೆ? ಉಪ್ಪಿನ ಸುಂಕ ಇಳಿಸಿ, ಆದಾಯ ತೆರಿಗೆಯ ವಿನಾಯಿತಿ ಮಿತಿಯನ್ನು 500 ರೂಪಾಯಿಯಿಂದ ಸಾವಿರಕ್ಕೆ ಏರಿಸಿ, ಭಾರತದ ಗಿರಣಿ ಬಟ್ಟೆಯ ಮೇಲಿನ ಅಬಕಾರಿ ಸುಂಕ ತೆಗೆಯಿರಿ ಎಂದು ಕೇಳಿ ಕುಳಿತರು.

ಈ ಲೆಕ್ಕದ ಬುದ್ಧಿ ಅವರಿಗೆ ಬಂದದ್ದು ಎಲ್ಲಿಂದ?

ಗೋಪಾಲ ಹುಟ್ಟಿದ್ದು 1866ರ ಮೇ 9ರಂದು, ರತ್ನಾಗಿರಿ ಜಿಲ್ಲೆಯ ಕೋತಳೂಕ್ ಎಂಬ ಹಳ್ಳಿಯಲ್ಲಿ. ತಂದೆ ಕೃಷ್ಣರಾಯರು ಕಾಗಲ್ ಸಂಸ್ಥಾನದಲ್ಲಿ ಸಣ್ಣ ನೌಕರಿಯಲ್ಲಿದ್ದರು. ಪುಣೆಯಿಂದ ಬೆಳಗಾವಿಗೆ ಬಸ್ಸಿನಲ್ಲಿ ಬರುವವರಿಗೆ ನಿಪ್ಪಾಣಿಗೆ ಮೊದಲು ಸಿಗುವ ಊರೇ ಈ ಕಾಗಲ್. ಗೋಪಾಲನಿಗೆ ಹದಿಮೂರು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ಅಣ್ಣ ಗೋವಿಂದ ಓದು ಬಿಟ್ಟು ತಿಂಗಳಿಗೆ 15 ರೂಪಾಯಿಯ ಕೆಲಸಕ್ಕೆ ಸೇರಿದ. ಅದರಲ್ಲಿ 8 ರೂಪಾಯಿಯನ್ನು ಕೊಲ್ಹಾಪುರದಲ್ಲಿ ಓದುತ್ತಿದ್ದ ತಮ್ಮನಿಗೆ ಕಳುಹಿಸುತ್ತಿದ್ದ. ಉಳಿದ 7 ರೂಪಾಯಿಯಲ್ಲಿ ಮನೆ ನಡೆಯಬೇಕು. ತಮ್ಮ ತಾನೇ ಅಡುಗೆ ಮಾಡಿಕೊಂಡು, ದೀಪದ ಎಣ್ಣೆ ಉಳಿಸಲು ಬೀದಿ ದೀಪದಡಿ ಓದಿಕೊಂಡ. ಒಂದೊಂದು ಆಣೆ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂಬ ಪ್ರಶ್ನೆ ಅವರಿಗೆ ಪುಸ್ತಕದಿಂದ ಬಂದದ್ದಲ್ಲ.

1884ರಲ್ಲಿ ಮುಂಬೈನ ಎಲ್ಫಿನ್‌ಸ್ಟನ್ ಕಾಲೇಜಿನಿಂದ ಬಿ.ಎ. ಮುಗಿಸಿದಾಗ ವಯಸ್ಸು 18. ದೊಡ್ಡ ಸಂಬಳದ ಸರ್ಕಾರಿ ನೌಕರಿ ಹುಡುಕಬಹುದಿತ್ತು. ಬದಲಿಗೆ ಪುಣೆಯ ನ್ಯೂ ಇಂಗ್ಲಿಷ್ ಸ್ಕೂಲಿನಲ್ಲಿ ಮೇಷ್ಟ್ರಾದರು. ಡೆಕ್ಕನ್ ಎಜುಕೇಷನ್ ಸೊಸೈಟಿಯ ಆಜೀವ ಸದಸ್ಯರಾಗಿ, ಅಲ್ಪ ಸಂಬಳದಲ್ಲಿ ಇಪ್ಪತ್ತು ವರ್ಷ ದುಡಿಯುವ ಮಾತು ಕೊಟ್ಟರು. ಫರ್ಗ್ಯುಸನ್ ಕಾಲೇಜಿನಲ್ಲಿ ಇಂಗ್ಲಿಷ್, ಗಣಿತ, ಇತಿಹಾಸ, ಅರ್ಥಶಾಸ್ತ್ರ, ಯಾವುದಕ್ಕೆ ಮೇಷ್ಟ್ರು ಇಲ್ಲವೋ ಅದನ್ನು ಕಲಿಸಿದರು. ಅವರು ಬರೆದ ಅಂಕಗಣಿತದ ಪುಸ್ತಕ ಶಾಲೆಗಳಲ್ಲಿ ಬಹುಕಾಲ ನಡೆಯಿತು.

ಆದರೆ ನಿಜವಾದ ಪಾಠ ನಡೆದದ್ದು ಮಹಾದೇವ ಗೋವಿಂದ ರಾನಡೆ ಅವರ ಬಳಿ. ನ್ಯಾಯಾಧೀಶರಾಗಿದ್ದ ರಾನಡೆ ಸರ್ಕಾರಿ ನೌಕರರು, ಬಹಿರಂಗವಾಗಿ ರಾಜಕೀಯ ಮಾಡುವಂತಿಲ್ಲ. ಅವರು ಈ ಯುವಕನನ್ನು ಕೂರಿಸಿಕೊಂಡು ಸರ್ಕಾರದ ವರದಿಗಳನ್ನು ಓದುವುದು ಹೇಗೆ ಎಂದು ಹೇಳಿಕೊಟ್ಟರು. ಸಾರ್ವಜನಿಕ ಸಭೆಯ ತ್ರೈಮಾಸಿಕ ಪತ್ರಿಕೆಯ ಸಂಪಾದಕತ್ವ ಗೋಖಲೆಯವರಿಗೆ ಬಂತು. ಇನ್ನೊಬ್ಬ ಗುರು ಗಣೇಶ ವೆಂಕಟೇಶ ಜೋಶಿ, ಸರ್ಕಾರಿ ಶಾಲೆಯ ಮುಖ್ಯೋಪಾಧ್ಯಾಯರು. ಕಂದಾಯ, ಸೈನ್ಯದ ಖರ್ಚು, ರೈಲ್ವೆಯ ಅಂಕಿಅಂಶಗಳು ಅವರ ನಾಲಿಗೆಯ ತುದಿಯಲ್ಲಿದ್ದವು. ಆ ಪತ್ರಿಕೆಯಲ್ಲಿ ಅವರು ಬರೆದದ್ದೆಲ್ಲ ಹೆಸರಿಲ್ಲದೆ. ಗೋಖಲೆಯವರ ಬಜೆಟ್ ಭಾಷಣಗಳ ಹಿಂದೆ ಈ ಮೇಷ್ಟ್ರ ಲೆಕ್ಕಗಳಿದ್ದವು. ಇಂದು ಜೋಶಿಯವರ ಹೆಸರು ಪುಣೆಯಲ್ಲೂ ಎಷ್ಟು ಮಂದಿಗೆ ಗೊತ್ತೋ.

1897ರಲ್ಲಿ, ಮೂವತ್ತರ ಹರೆಯದಲ್ಲಿ, ಗೋಖಲೆ ಲಂಡನ್ನಿಗೆ ಹೋದರು. ಭಾರತದ ಆಡಳಿತ ಖರ್ಚಿನ ವಿಚಾರಣೆಗೆ ಬ್ರಿಟಿಷ್ ಸರ್ಕಾರ ನೇಮಿಸಿದ್ದ ವೆಲ್ಬಿ ಆಯೋಗದ ಮುಂದೆ ಸಾಕ್ಷ್ಯ ಹೇಳಬೇಕಿತ್ತು. ದಾದಾಭಾಯಿ ನವರೋಜಿ ಆ ಆಯೋಗದ ಸದಸ್ಯರಾಗಿದ್ದರು. ಮುಂಬೈನ ದಿನ್‌ಶಾ ವಾಚಾ, ಬಂಗಾಳದ ಸುರೇಂದ್ರನಾಥ ಬ್ಯಾನರ್ಜಿ, ಮದರಾಸಿನ ಜಿ. ಸುಬ್ರಮಣ್ಯ ಅಯ್ಯರ್ ಕೂಡ ಸಾಕ್ಷಿಗಳು. ತೆರಿಗೆ ಕೊಡುವವನಿಗೆ ಖರ್ಚಿನ ಮೇಲೆ ಯಾವ ಹಿಡಿತವೂ ಇಲ್ಲ, ಆದ್ದರಿಂದಲೇ ಖರ್ಚು ಹೀಗೆ ಬೆಳೆಯುತ್ತಿದೆ ಎಂಬುದು ಗೋಖಲೆಯವರ ಸಾಕ್ಷ್ಯದ ತಿರುಳು. ಬಜೆಟ್ಟನ್ನು ಬಾಬು ಬಾಬಾಗಿ ಪರಿಷತ್ತಿನ ಮುಂದಿಟ್ಟು ಒಪ್ಪಿಗೆ ಪಡೆಯಬೇಕು ಎಂದು ಕೇಳಿದರು. ಆಯೋಗದವರು ಕೆಣಕಿ ಕೆಣಕಿ ಕೇಳಿದರೂ ಅಂಕಿಗಳಲ್ಲಿ ಅವರು ತಡವರಿಸಲಿಲ್ಲ.

ಅದೇ ಪ್ರಯಾಣದಲ್ಲಿ ಅವರ ಬದುಕಿನ ದೊಡ್ಡ ಪೆಟ್ಟೂ ಬಿತ್ತು.

ಪುಣೆಯಲ್ಲಿ ಆಗ ಪ್ಲೇಗ್. ಸೈನಿಕರು ಮನೆಮನೆಗೆ ನುಗ್ಗಿ ರೋಗಿಗಳನ್ನು ಹುಡುಕುತ್ತಿದ್ದರು. ಊರಿನಿಂದ ಸ್ನೇಹಿತರು ಬರೆದ ಕಾಗದಗಳು ಲಂಡನ್ನಿಗೆ ಬರುತ್ತಿದ್ದವು. ಸೈನಿಕರು ಇಬ್ಬರು ಹೆಂಗಸರ ಮಾನಭಂಗ ಮಾಡಿದ್ದಾರೆ, ಒಬ್ಬಾಕೆ ಪ್ರಾಣ ಬಿಟ್ಟಿದ್ದಾಳೆ ಎಂಬ ಸುದ್ದಿಯನ್ನು ಗೋಖಲೆ ನಂಬಿದರು. ಮ್ಯಾಂಚೆಸ್ಟರ್ ಗಾರ್ಡಿಯನ್ ಪತ್ರಿಕೆಗೆ ಹೇಳಿಬಿಟ್ಟರು. ಬ್ರಿಟನ್ನಿನಲ್ಲಿ ಗದ್ದಲವೆದ್ದಿತು, ಸರ್ಕಾರ ಪುರಾವೆ ಕೇಳಿತು. ಅಷ್ಟರಲ್ಲಿ ಪುಣೆಯಲ್ಲಿ ಪ್ಲೇಗ್ ಅಧಿಕಾರಿ ರ್‍ಯಾಂಡ್ ಮೇಲೆ ಗುಂಡು ಹಾರಿತ್ತು. ಜುಲೈ ಕೊನೆಯಲ್ಲಿ ತಿಲಕರ ಬಂಧನವಾಯಿತು. ಅದೇ ದಿನಗಳಲ್ಲಿ ಗೋಖಲೆ ಮುಂಬೈಗೆ ಬಂದಿಳಿದರು. ಕಾಗದ ಬರೆದ ಯಾರೂ ಪುರಾವೆ ಕೊಡಲು ಸಿದ್ಧರಿರಲಿಲ್ಲ. ಅವರ ಹೆಸರು ಹೇಳಿದರೆ ಅವರು ಜೈಲಿಗೆ; ಹೇಳದಿದ್ದರೆ ತಮ್ಮ ಮಾತಿಗೆ ಆಧಾರವಿಲ್ಲ. ಗೋಖಲೆ ಹೆಸರು ಹೇಳಲಿಲ್ಲ. ಆಗಸ್ಟ್ 4ರಂದು ಯಾವ ಷರತ್ತೂ ಇಲ್ಲದ ಕ್ಷಮಾಪಣೆ ಪ್ರಕಟಿಸಿದರು.

ಹೇಡಿ ಎಂದರು ಜನ. ಆ ವರ್ಷದ ಕಾಂಗ್ರೆಸ್ ಅಧಿವೇಶನದಲ್ಲೂ ಅವರಿಗೆ ಮರ್ಯಾದೆ ಸಿಗಲಿಲ್ಲ. ಪುಣೆಯಲ್ಲಿ ಆಗ ದೌರ್ಜನ್ಯ ನಡೆದೇ ಇಲ್ಲ ಎಂದು ಯಾರೂ ಹೇಳಲಾರರು. ಆದರೆ ರುಜುವಾತು ಮಾಡಲಾಗದ ಮಾತನ್ನು ತಾನು ಆಡಿದೆ ಎಂಬುದೇ ಗೋಖಲೆಯವರಿಗೆ ಮುಖ್ಯವಾಗಿತ್ತು. ಮರುವರ್ಷ ಮತ್ತೆ ಪ್ಲೇಗ್ ಬಂದಾಗ ಪುಣೆಯಲ್ಲೇ ಸ್ವಯಂಸೇವಕರಾಗಿ ದುಡಿದರು. ಮುಂದಿನ ಭಾಷಣಗಳನ್ನು ಓದಿದರೆ, ಪ್ರತಿ ಅಂಕಿಗೂ ಸರ್ಕಾರಿ ವರದಿಯ ಆಧಾರ ಇಟ್ಟುಕೊಂಡೇ ಬಾಯಿ ತೆರೆಯುವ ಅವರ ಅಭ್ಯಾಸದ ಹಿಂದೆ ಆ ಆಗಸ್ಟ್ ತಿಂಗಳ ನೋವು ಇದೆ ಎಂದು ನನಗಂತೂ ಅನ್ನಿಸುತ್ತದೆ.

1899ರಲ್ಲಿ ಮುಂಬೈ ಶಾಸನ ಪರಿಷತ್ತು, 1901ರ ಕೊನೆಗೆ ಫಿರೋಜ್‌ಶಾ ಮೆಹ್ತಾ ಬಿಟ್ಟುಕೊಟ್ಟ ವೈಸ್‌ರಾಯ್ ಪರಿಷತ್ತಿನ ಸ್ಥಾನ. 1902ರಲ್ಲಿ ಕಾಲೇಜಿನಿಂದ ನಿವೃತ್ತರಾದಾಗ ಪಿಂಚಣಿ ತಿಂಗಳಿಗೆ 25 ರೂಪಾಯಿ.

ಮತವಿಲ್ಲದ ಆ ಭಾಷಣದಿಂದ ಏನಾಯಿತು? ಮರುವರ್ಷವೇ, 1903ರಲ್ಲಿ, ಉಪ್ಪಿನ ಸುಂಕ ಎರಡೂವರೆಯಿಂದ 2 ರೂಪಾಯಿಗೆ ಇಳಿಯಿತು. ಆದಾಯ ತೆರಿಗೆಯ ವಿನಾಯಿತಿ ಮಿತಿ ಸಾವಿರ ರೂಪಾಯಿಗೆ ಏರಿತು. 1905ರಲ್ಲಿ ಉಪ್ಪಿನ ಸುಂಕ ಒಂದೂವರೆ ರೂಪಾಯಿ, 1907ರಲ್ಲಿ ಒಂದು ರೂಪಾಯಿ. ಸುಂಕ ಇಳಿದಂತೆ ಜನ ಹೆಚ್ಚು ಉಪ್ಪು ಕೊಂಡರು. ಬಡವರು ಅದುವರೆಗೆ ಉಪ್ಪಿನಲ್ಲೂ ಕೈ ಹಿಡಿಯುತ್ತಿದ್ದರು ಎಂಬ ಗೋಖಲೆಯವರ ಮಾತು ಸರ್ಕಾರದ ಲೆಕ್ಕದಲ್ಲೇ ಕಂಡಿತು. ಇದೆಲ್ಲ ಅವರೊಬ್ಬರಿಂದಲೇ ಆಯಿತು ಎನ್ನುವುದು ಹೆಚ್ಚಾದೀತು. ಖಜಾನೆಯಲ್ಲಿ ಹಣವಿತ್ತು, ಸರ್ಕಾರಕ್ಕೂ ಒಳ್ಳೆಯ ಹೆಸರು ಬೇಕಿತ್ತು. ಆದರೆ ಕೇಳಿದ್ದು ಏನು, ಸಿಕ್ಕಿದ್ದು ಏನು ಎಂದು ಪಕ್ಕಪಕ್ಕ ಇಟ್ಟು ನೋಡಬಹುದು. ಬಟ್ಟೆಯ ಸುಂಕ ಮಾತ್ರ ಅವರ ಜೀವಮಾನದಲ್ಲಿ ಹೋಗಲಿಲ್ಲ. ಅದು ಹೋದದ್ದು 1925ರಲ್ಲಿ.

1909ರ ಸುಧಾರಣೆಯ ನಂತರ ಸದಸ್ಯರು ಗೊತ್ತುವಳಿ ಮಂಡಿಸಬಹುದು ಎಂದಾಯಿತು. 1911ರ ಜನವರಿಯಲ್ಲಿ ಗೋಖಲೆ, ಸಾರ್ವಜನಿಕ ಖರ್ಚು ಬೆಳೆಯುತ್ತಿರುವುದರ ಕಾರಣ ಹುಡುಕಲು ವಿಚಾರಣೆ ನಡೆಯಲಿ ಎಂದು ಗೊತ್ತುವಳಿ ತಂದರು. ಲೆಕ್ಕ ತಪಾಸಣೆ ಮಾಡುವವನು ಹಣಕಾಸು ಇಲಾಖೆಯ ಕೈಕೆಳಗೆ ಇರಬಾರದು, ಸ್ವತಂತ್ರನಾಗಿರಬೇಕು ಎಂಬುದೂ ಅವರ ವಾದದಲ್ಲಿತ್ತು. ಇಂದು ನಾವು ಸಿಎಜಿ ವರದಿ ಎಂದು ಓದುವ ಸುದ್ದಿಗಳ ಹಿಂದೆ ಇರುವುದು ಇದೇ ತತ್ವ. ಶಾಸನಸಭೆಯ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಬಂದದ್ದು 1921ರಲ್ಲಿ, ಅವರು ಹೋಗಿ ಆರು ವರ್ಷವಾದ ಮೇಲೆ.

ಅದೇ 1911ರ ಮಾರ್ಚಿನಲ್ಲಿ ಪ್ರಾಥಮಿಕ ಶಿಕ್ಷಣ ಮಸೂದೆ ಮಂಡಿಸಿದರು. ಖಜಾನೆಯಲ್ಲಿ ಉಳಿದ ಹಣವನ್ನು ಸೈನ್ಯಕ್ಕೆ, ರೈಲಿಗೆ ಸುರಿಯುವ ಬದಲು ಮಕ್ಕಳ ಓದಿಗೆ ಕೊಡಿ ಎಂದು ವರ್ಷಗಳಿಂದ ಕೇಳುತ್ತಿದ್ದವರು ಅವರು. ಮಸೂದೆ ಬಹಳ ಹಗುರವಾಗಿಯೇ ಇತ್ತು. ಈಗಾಗಲೇ ಒಂದಷ್ಟು ಪ್ರಮಾಣದಲ್ಲಿ ಮಕ್ಕಳು ಶಾಲೆಗೆ ಹೋಗುತ್ತಿರುವ ಕಡೆಗಳಲ್ಲಿ, ಅಲ್ಲಿನ ಸ್ಥಳೀಯ ಸಂಸ್ಥೆ ಒಪ್ಪಿದರೆ, ಆರರಿಂದ ಹತ್ತು ವರ್ಷದ ಗಂಡುಮಕ್ಕಳಿಗೆ ಶಿಕ್ಷಣ ಕಡ್ಡಾಯ. 1912ರ ಮಾರ್ಚಿನಲ್ಲಿ ಮತಕ್ಕೆ ಹಾಕಿದಾಗ ಪರವಾಗಿ 13, ವಿರುದ್ಧವಾಗಿ 38. ವಿರೋಧಿಸಿದವರಲ್ಲಿ ಭಾರತೀಯರೂ ಇದ್ದರು. ಮಸೂದೆ ಬೀಳುತ್ತದೆ ಎಂದು ಗೋಖಲೆಯವರಿಗೆ ಮೊದಲೇ ಗೊತ್ತಿತ್ತು.

ಇಲ್ಲಿ ಕನ್ನಡದ ನಂಟೊಂದಿದೆ. ಸರ್ ಎಂ. ವಿಶ್ವೇಶ್ವರಯ್ಯ ಮುಂಬೈ ಸರ್ಕಾರದ ಎಂಜಿನಿಯರ್ ಆಗಿ ಪುಣೆಯಲ್ಲಿದ್ದಾಗ ರಾನಡೆ, ಗೋಖಲೆಯವರ ಒಡನಾಟದಲ್ಲಿದ್ದವರು. 1912ರ ಕೊನೆಯಲ್ಲಿ ಅವರು ಮೈಸೂರಿನ ದಿವಾನರಾದರು. 1913ರಲ್ಲಿ, ಗೋಖಲೆ ಮಸೂದೆ ಬಿದ್ದ ಮರುವರ್ಷವೇ, ಮೈಸೂರು ಸಂಸ್ಥಾನ ಆಯ್ದ ಕಡೆಗಳಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡುವ ಕಾನೂನು ತಂದಿತು. ಡಿ.ವಿ. ಗುಂಡಪ್ಪನವರು ಗೋಖಲೆಯವರ ಜೀವನಚರಿತ್ರೆಯನ್ನು ಕನ್ನಡದಲ್ಲಿ ಬರೆದರು. 1945ರಲ್ಲಿ ಬೆಂಗಳೂರಿನಲ್ಲಿ ಅವರ ಹೆಸರಿನ ಸಾರ್ವಜನಿಕ ವಿಚಾರ ಸಂಸ್ಥೆಯನ್ನೂ ಕಟ್ಟಿದರು. ಬುಲ್ ಟೆಂಪಲ್ ರಸ್ತೆಯಲ್ಲಿ ಅದು ಈಗಲೂ ಇದೆ.

ಕೊನೆಯ ವರ್ಷಗಳಲ್ಲಿ ಸಕ್ಕರೆ ಕಾಯಿಲೆ ಅವರನ್ನು ಹಿಂಡಿತು. ಆದರೂ 1912ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೋಗಿ ಬಂದರು, ಸರ್ಕಾರಿ ಹುದ್ದೆಗಳ ನೇಮಕ ಕುರಿತ ಇಸ್ಲಿಂಗ್ಟನ್ ಆಯೋಗದಲ್ಲಿ ಕುಳಿತು ಕೆಲಸ ಮಾಡಿದರು. 1914ರಲ್ಲಿ ಸರ್ಕಾರ ಸರ್ ಪದವಿ ಕೊಡಲು ಬಂದಾಗ ಬೇಡ ಎಂದರು. 1915ರ ಜನವರಿಯಲ್ಲಿ ಗಾಂಧೀಜಿ ಮುಂಬೈಗೆ ಬಂದಿಳಿದರು. ಫೆಬ್ರವರಿ 19ರಂದು ಪುಣೆಯಲ್ಲಿ ಗೋಖಲೆ ತೀರಿಕೊಂಡರು. ವಯಸ್ಸು 48. ಜೀವಮಾನವಿಡೀ ಅವರನ್ನು ವಿರೋಧಿಸಿದ್ದ ತಿಲಕರು ಚಿತೆಯ ಬಳಿ ನಿಂತು ಶ್ರದ್ಧಾಂಜಲಿಯ ಮಾತಾಡಿದರು. ಆ ವರ್ಷದ ಬಜೆಟ್ ಚರ್ಚೆಗೆ ಇನ್ನು ಕೆಲವೇ ವಾರಗಳಿದ್ದವು.