ಕೈ ತೊಳೆಯಿರಿ ಎಂದ ಡಾಕ್ಟರು

ಎಳೆ ಮಗು ನೋಡಲು ಯಾರಾದರೂ ಬಂದರೆ ಮೊದಲು ಕೈಕಾಲು ತೊಳೆದು ಬನ್ನಿ ಅಂತ ಅಜ್ಜಿಯಂದಿರು ಗದರುತ್ತಾರಲ್ಲ, ಅದೇ ಮಾತನ್ನು ದೊಡ್ಡ ದೊಡ್ಡ ವೈದ್ಯರಿಗೆ ಹೇಳಲು ಹೋಗಿ ನೊಂದವರು ಇಗ್ನಾಜ್ ಸೆಮ್ಮೆಲ್‌ವೈಸ್. ನಿಮ್ಮ ಮನೆಯಲ್ಲಿ ನರ್ಸ್, ಲ್ಯಾಬ್ ಟೆಕ್ನೀಷಿಯನ್ ಅಂತ ಆಸ್ಪತ್ರೆ ಕೆಲಸಕ್ಕೆ ಹೋಗುವವರಿದ್ದರೆ ಅವರಿಗೂ ಈ ಕಥೆ ಹೇಳಿ.

ಅವರು ಹುಟ್ಟಿದ್ದು 1818ರ ಜುಲೈ 1ರಂದು, ಹಂಗೇರಿಯ ಬುಡಾದಲ್ಲಿ. ಅದು ಈಗ ಬುಡಾಪೆಸ್ಟ್ ನಗರದ ಭಾಗ. ಅಪ್ಪನದು ದಿನಸಿ ವ್ಯಾಪಾರ. ಕಾನೂನು ಓದಲೆಂದು ವಿಯೆನ್ನಾಕ್ಕೆ ಹೋದವರು ಮನಸ್ಸು ಬದಲಿಸಿ ವೈದ್ಯರಾದರು. 1846ರಲ್ಲಿ ಅಲ್ಲಿನ ಜನರಲ್ ಆಸ್ಪತ್ರೆಯ ಹೆರಿಗೆ ವಿಭಾಗದಲ್ಲಿ ಸಹಾಯಕ ವೈದ್ಯರ ಕೆಲಸ ಸಿಕ್ಕಿತು.

ಅಲ್ಲಿ ಎರಡು ಹೆರಿಗೆ ವಾರ್ಡುಗಳಿದ್ದವು. ಒಂದನೆಯದರಲ್ಲಿ ವೈದ್ಯ ವಿದ್ಯಾರ್ಥಿಗಳು, ಎರಡನೆಯದರಲ್ಲಿ ಸೂಲಗಿತ್ತಿ ತರಬೇತಿಗೆ ಬಂದ ಹೆಂಗಸರು. ಒಂದನೇ ವಾರ್ಡಿಗೆ ಹಾಕಬೇಡಿ ಅಂತ ಗರ್ಭಿಣಿಯರು ಕೈಮುಗಿದು ಬೇಡಿಕೊಳ್ಳುತ್ತಿದ್ದರಂತೆ! ಅವರ ಭಯ ಸುಳ್ಳಲ್ಲ. 1846ರಲ್ಲಿ ಅಲ್ಲಿ ನೂರಕ್ಕೆ 11ಕ್ಕಿಂತ ಹೆಚ್ಚು ಬಾಣಂತಿಯರು ಸತ್ತರು, ಸೂಲಗಿತ್ತಿಯರ ವಾರ್ಡಿನಲ್ಲಿ ಮೂರಕ್ಕಿಂತ ಕಡಿಮೆ. ಇನ್ನೂ ವಿಚಿತ್ರವೆಂದರೆ ಆಸ್ಪತ್ರೆಗೆ ಬರುವ ದಾರಿಯಲ್ಲೇ ಹೆತ್ತವರಿಗೆ ಈ ಬಾಣಂತಿ ನಂಜು ತಗಲುತ್ತಿದ್ದದ್ದು ಅಪರೂಪ. ಗಾಳಿ ಸರಿಯಿಲ್ಲ, ಜನ ಜಾಸ್ತಿ, ಸಾಯುವವರ ಬಳಿಗೆ ಪಾದ್ರಿ ಗಂಟೆ ಬಾರಿಸುತ್ತಾ ಬರುವುದರಿಂದ ಹೆದರಿ ಸಾಯುತ್ತಾರೆ... ಏನೇನೋ ಕಾರಣ ಹೇಳಿದರು. ಸೆಮ್ಮೆಲ್‌ವೈಸ್ ಒಂದೊಂದನ್ನೇ ಪರೀಕ್ಷಿಸಿ ಕೈಬಿಟ್ಟರು.

ಉತ್ತರ ಸಿಕ್ಕಿದ್ದು ಗೆಳೆಯನ ಸಾವಿನಿಂದ. 1847ರ ಮಾರ್ಚ್‌ನಲ್ಲಿ ಪ್ರೊಫೆಸರ್ ಯಾಕೋಬ್ ಕೊಲ್ಲೆಚ್ಕಾ ಅವರ ಬೆರಳಿಗೆ ಶವಪರೀಕ್ಷೆ ಮಾಡಿಸುವಾಗ ವಿದ್ಯಾರ್ಥಿಯ ಚಾಕು ತಗುಲಿತು. ಸಣ್ಣ ಗಾಯ ಅಷ್ಟೇ. ಆದರೆ ಜ್ವರ ಬಂದು, ನಂಜೇರಿ ಸತ್ತೇ ಹೋದರು. ಅವರ ದೇಹದಲ್ಲಿ ಕಂಡ ಲಕ್ಷಣಗಳೆಲ್ಲ ಸತ್ತ ಬಾಣಂತಿಯರಲ್ಲಿ ಕಂಡವೇ! ಬೆಳಗ್ಗೆ ಹೆಣ ಕೊಯ್ದ ಕೈಯಲ್ಲೇ ವಿದ್ಯಾರ್ಥಿಗಳು ಹೆರಿಗೆ ವಾರ್ಡಿಗೆ ಬರುತ್ತಿದ್ದರು. ಸೂಲಗಿತ್ತಿಯರಿಗೆ ಆ ಕೆಲಸವಿರಲಿಲ್ಲ.

ಇಲ್ಲಿ ಒಂದು ಮಾತು. ಇಂದಿಗೂ ಸೂಜಿ ಚುಚ್ಚಿಕೊಂಡ ನರ್ಸ್ ಹುಡುಗಿಯರು ಬೈಸಿಕೊಳ್ಳಬೇಕಲ್ಲ ಅಂತ ಹೇಳದೇ ಸುಮ್ಮನಾಗುವುದುಂಟು. ಹಾಗೆ ಮಾಡಬೇಡಿ. ಗಾಯ ಹಿಂಡಬೇಡಿ, ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆದು ತಕ್ಷಣ ಮೇಲಿನವರಿಗೆ ತಿಳಿಸಿ. ಎಚ್‌ಐವಿ ತಡೆಯುವ ಮಾತ್ರೆ ಬೇಕಾದರೆ ಎಷ್ಟು ಬೇಗ ಶುರು ಮಾಡಿದರೆ ಅಷ್ಟು ಒಳ್ಳೆಯದು, 72 ಗಂಟೆ ಮೀರಬಾರದು. ಬಳಸಿದ ಸೂಜಿಗೆ ಮತ್ತೆ ಕ್ಯಾಪ್ ಹಾಕಲೇಬೇಡಿ. ಹೆಪಟೈಟಿಸ್ ಬಿ ಲಸಿಕೆ ಪೂರ್ತಿ ಹಾಕಿಸಿಕೊಂಡಿದ್ದೀರಾ? ಕೆಲಸಕ್ಕೆ ಸೇರುವಾಗಲೇ ನೋಡಿಕೊಳ್ಳಿ.

1847ರ ಮೇ ತಿಂಗಳಲ್ಲಿ ಸೆಮ್ಮೆಲ್‌ವೈಸ್ ವಾರ್ಡಿನ ಬಾಗಿಲಲ್ಲೇ ಕ್ಲೋರಿನ್ ನೀರು ಇಡಿಸಿದರು. ಆಮೇಲೆ ಅಗ್ಗವೆಂದು ಬ್ಲೀಚಿಂಗ್ ಪೌಡರ್ ನೀರು. ನಾವು ಬಾವಿಗೆ ಹಾಕುತ್ತೇವಲ್ಲ, ಅದೇ. ಏಪ್ರಿಲ್‌ನಲ್ಲಿ ನೂರಕ್ಕೆ 18 ಇದ್ದ ಸಾವು ಜೂನ್‌ನಲ್ಲಿ ಎರಡರ ಆಸುಪಾಸಿಗೆ ಇಳಿಯಿತು. 1848ರ ಮಾರ್ಚ್ ಮತ್ತು ಆಗಸ್ಟ್‌ನಲ್ಲಿ ಒಬ್ಬ ಬಾಣಂತಿಯೂ ಸಾಯಲಿಲ್ಲ. ನಡುವೆ 1847ರ ಅಕ್ಟೋಬರ್‌ನಲ್ಲಿ ಒಂದು ಪೆಟ್ಟು ಬಿತ್ತು. ಗರ್ಭಕೋಶದ ಕ್ಯಾನ್ಸರ್ ಇದ್ದ ಹೆಂಗಸನ್ನು ಮುಟ್ಟಿದ ಮೇಲೆ ಸೋಪಿನಿಂದಷ್ಟೇ ಕೈ ತೊಳೆದು ಪಕ್ಕದವರನ್ನು ಪರೀಕ್ಷಿಸಿದರು. ಅವರಲ್ಲಿ ಹನ್ನೆರಡು ಮಂದಿಗೆ ಹೆರಿಗೆಯಾಗಿ ಹನ್ನೊಂದು ಮಂದಿ ಸತ್ತರು. ಅಲ್ಲಿಂದ ಪ್ರತಿ ರೋಗಿಗೂ ಮಧ್ಯೆ ಕ್ಲೋರಿನ್ ನೀರಲ್ಲಿ ಕೈ ತೊಳೆಯುವ ನಿಯಮ ಬಂತು.

ಇಷ್ಟಾದರೂ ಹಿರಿಯರು ಒಪ್ಪಲಿಲ್ಲ. ರೋಗಿಯನ್ನು ಕೊಂದದ್ದು ನಮ್ಮದೇ ಕೈ ಅಂತ ಒಪ್ಪಿಕೊಳ್ಳುವುದು ಸುಲಭವಾ ಹೇಳಿ? ಕೀಲ್ ಊರಿನ ಪ್ರೊಫೆಸರ್ ಮಿಖಾಯೆಲಿಸ್ ಒಪ್ಪಿಕೊಂಡರು. ತಾವೇ ನೋಡಿಕೊಂಡಿದ್ದ ಬಂಧುವೊಬ್ಬಳು ಹೆರಿಗೆಯ ನಂತರ ಸತ್ತಿದ್ದು ನೆನಪಾಗಿ, ಆ ಕೊರಗಿನಲ್ಲೇ 1848ರಲ್ಲಿ ಪ್ರಾಣ ಕಳೆದುಕೊಂಡರು. ಆಸ್ಪತ್ರೆಯವರ ಮನಸ್ಸಿಗೂ ಗಾಯವಾಗುತ್ತದೆ. ಅದನ್ನು ಯಾರೂ ಕೇಳುವುದಿಲ್ಲ, ಅಷ್ಟೇ.

1849ರಲ್ಲಿ ಸೆಮ್ಮೆಲ್‌ವೈಸ್‌ರ ಕೆಲಸದ ಅವಧಿ ಮುಂದುವರಿಯಲಿಲ್ಲ. ಮರುವರ್ಷ ಗೆಳೆಯರಿಗೂ ಹೇಳದೆ ಊರಿಗೆ ಹೊರಟುಬಿಟ್ಟರು. ಪೆಸ್ಟ್‌ನ ಆಸ್ಪತ್ರೆಯಲ್ಲಿ ಬಾಣಂತಿ ನಂಜಿನ ಸಾವನ್ನು ನೂರಕ್ಕೆ ಒಂದಕ್ಕಿಂತ ಕಡಿಮೆಗೆ ತಂದರು, ಪ್ರೊಫೆಸರ್ ಆದರು, ಮದುವೆಯಾಗಿ ಐದು ಮಕ್ಕಳೂ ಆದವು. 1861ರಲ್ಲಿ ಬಂದ ಪುಸ್ತಕಕ್ಕೂ ಟೀಕೆಯೇ ಹೆಚ್ಚು. ಸಿಟ್ಟಿನಿಂದ ವಿರೋಧಿಗಳನ್ನು ಕೊಲೆಗಾರರೆಂದು ಕರೆದು ಬಹಿರಂಗ ಪತ್ರ ಬರೆದರು. ಮನಸ್ಸು ಹದ ತಪ್ಪುತ್ತಾ ಬಂತು. 1865ರ ಜುಲೈ ಕೊನೆಗೆ ಅವರನ್ನು ವಿಯೆನ್ನಾದ ಮಾನಸಿಕ ಆಸ್ಪತ್ರೆಗೆ ಸೇರಿಸಿದರು. ಅಲ್ಲಿ ಕಾವಲಿನವರು ಹೊಡೆದರು ಎನ್ನುತ್ತಾರೆ. ಎರಡೇ ವಾರದಲ್ಲಿ, ಆಗಸ್ಟ್ 13ರಂದು, ಗಾಯ ನಂಜಾಗಿ ತೀರಿಕೊಂಡರು. ಪಾಪ, ವಯಸ್ಸು ಬರೀ 47. ಅದರ ಹಿಂದಿನ ದಿನವೇ ಗ್ಲಾಸ್ಗೋದಲ್ಲಿ ಲಿಸ್ಟರ್ ಒಬ್ಬ ಹುಡುಗನ ಕಾಲಿನ ಗಾಯಕ್ಕೆ ಕಾರ್ಬಾಲಿಕ್ ಆಮ್ಲ ಹಾಕಿ ನಂಜು ತಡೆಯುವ ಪ್ರಯೋಗ ಶುರು ಮಾಡಿದ್ದರು. ಬಾಣಂತಿ ನಂಜಿನ ರೋಗಾಣುವನ್ನು 1879ರಲ್ಲಿ ಪ್ಯಾಶ್ಚರ್ ತೋರಿಸಿಕೊಟ್ಟರು.

ಈಗ ಬ್ಲೀಚಿಂಗ್ ಪೌಡರ್‌ನಲ್ಲಿ ಕೈ ಅದ್ದಬೇಕಿಲ್ಲ. ಕೊಳೆ, ರಕ್ತ ಕಂಡರೆ ಸೋಪು ನೀರು, ಇಲ್ಲದಿದ್ದರೆ ಆಲ್ಕೋಹಾಲ್ ಇರುವ ಹ್ಯಾಂಡ್‌ರಬ್ ಸಾಕು. ಗ್ಲೌಸ್ ತೆಗೆದ ಮೇಲೂ ಕೈ ಶುಚಿ ಮಾಡಿಕೊಳ್ಳಬೇಕು. ದಿನವಿಡೀ ತೊಳೆದು ಕೈ ಬಿರುಕು ಬಿಟ್ಟರೆ ಅಲ್ಲೇ ರೋಗಾಣು ಸೇರುತ್ತವೆ, ಹಾಗಾಗಿ ಅಲಕ್ಷ್ಯ ಬೇಡ. ಆದರೆ ಡ್ಯೂಟಿಯಲ್ಲಿ ಕೊಬ್ಬರಿ ಎಣ್ಣೆ ಹಚ್ಚಿ ಲೇಟೆಕ್ಸ್ ಗ್ಲೌಸ್ ಹಾಕಬೇಡಿ, ಎಣ್ಣೆಗೆ ಗ್ಲೌಸ್ ಹಾಳಾಗುತ್ತದೆ. ಮನೆಗೆ ಬಂದು, ಸ್ನಾನ ಮುಗಿಸಿ, ರಾತ್ರಿ ಮಲಗುವಾಗ ಹಚ್ಚಿಕೊಳ್ಳಿ.