ರೋಮಿನ ನೀರಿನ ಅಧಿಕಾರಿ ಫ್ರಾಂಟಿನಸ್

ನಮ್ಮ ತಂದೆಯವರು ಊರ ಕೆರೆಯ ನೀರುಗಂಟಿ, ಅಕ್ಷರ ಬಲ್ಲವರಲ್ಲ. ಮುಂಗಾರಿಗೆ ಮುಂಚೆ ಏರಿಯನ್ನು ನೋಡಲು ಹೊರಟರೆ ಮೊದಲು ತೂಬಿನ ಬಳಿ ನಿಲ್ಲುವರು; ಉಳಿದ ಕಡೆ ಆಮೇಲೆ. ಕಾಲೇಜು ಸೇರಿದ ನಾನು ಆ ಕೆಲಸವನ್ನು ಕೀಳೆಂದೇ ಎಣಿಸಿದ್ದೆನು. ರೋಮಿನ ಚರಿತ್ರೆಯಲ್ಲಿ ಫ್ರಾಂಟಿನಸನ ಜೀವನವನ್ನು ಓದಿದ ಮೇಲೆ ನನ್ನ ಅಹಂಕಾರ ಇಳಿಯಿತು.

ಸೆಕ್ಸ್‌ಟಸ್ ಜೂಲಿಯಸ್ ಫ್ರಾಂಟಿನಸನು ಕ್ರಿಸ್ತಶಕ ಒಂದನೆಯ ಶತಮಾನದವನು. ಬ್ರಿಟನ್ನಿನ ಪ್ರಾಂತಾಧಿಪತಿಯಾಗಿ, ಈಗಿನ ವೇಲ್ಸ್ ಸೀಮೆಯ ಸಿಲ್ಯೂರರನ್ನು ಗೆದ್ದ ಸೇನಾನಿ. ಒಟ್ಟು ಮೂರು ಸಲ ಕಾನ್ಸಲ್ ಪದವಿಯನ್ನು ಪಡೆದವನು. ಇಂತಹವನನ್ನು ಕ್ರಿ. ಶ. ೯೭ರಲ್ಲಿ ನರ್ವ ಚಕ್ರವರ್ತಿಯು ರೋಮ್ ನಗರದ ನೀರಿನ ಅಧಿಕಾರಿಯನ್ನಾಗಿ ನೇಮಿಸಿದನು. ಕೈಕೆಳಗಿನವರು ಹೇಳಿದಂತೆ ನಡೆಯುವುದು ಅಧಿಕಾರಿಗೆ ಶೋಭೆಯಲ್ಲವೆಂದು ಬಗೆದು, ಅವನು ನಗರಕ್ಕೆ ನೀರು ತರುತ್ತಿದ್ದ ಒಂಬತ್ತು ಕಾಲುವೆಗಳ ವಿಷಯವನ್ನೂ ತಾನೇ ಅರಿತುಕೊಂಡನು, ನಕ್ಷೆಗಳನ್ನು ಬರೆಯಿಸಿದನು, ತಿಳಿದುದನ್ನು ಗ್ರಂಥವಾಗಿ ಬರೆದಿಟ್ಟನು.

ದುರಸ್ತಿಗೆಂದು ೭೦೦ ಆಳುಗಳಿದ್ದರು. ಆದರೆ ಮೇಸ್ತ್ರಿಗಳ ದಾಕ್ಷಿಣ್ಯದಿಂದ ಅವರು ಖಾಸಗಿ ಕೆಲಸಗಳಿಗೆ ಹೋಗುತ್ತಿದ್ದರು. ಫ್ರಾಂಟಿನಸನು ಮರುದಿನದ ಕೆಲಸವನ್ನು ಹಿಂದಿನ ದಿನವೇ ಗೊತ್ತುಮಾಡಿ, ಆಯಾ ದಿನ ಮಾಡಿದ್ದನ್ನು ಬರೆದಿಡಿಸಿ, ಈ ಪದ್ಧತಿಯನ್ನು ತಪ್ಪಿಸಿದನು.

ಹಾಗಾದರೆ ಯಾವುದನ್ನು ಮೊದಲು ಸರಿಪಡಿಸಬೇಕು? ಅವನ ಹಿರಿಮೆ ಇರುವುದು ಇದಕ್ಕೆ ಕೊಟ್ಟ ಉತ್ತರದಲ್ಲಿ. ಮೊದಲು ಅವನು ನೋಡಿದ್ದು, ಕೆಡುವ ಸಂಭವ ಎಲ್ಲಿ ಹೆಚ್ಚು ಎಂಬುದನ್ನು. ನೆಲದೊಳಗಿನ ಕಾಲುವೆಗೆ ಬಿಸಿಲು ಹಿಮಗಳ ಬಾಧೆಯಿಲ್ಲ. ಕಮಾನುಗಳ ಮೇಲೆ, ಬೆಟ್ಟದ ಮಗ್ಗುಲಲ್ಲಿ, ಅದರಲ್ಲಿಯೂ ನದಿಯನ್ನು ದಾಟುವ ಕಡೆ ಹಾನಿ ಹೆಚ್ಚು. ಎರಡನೆಯದಾಗಿ, ಕೆಟ್ಟರೆ ನಷ್ಟವೆಷ್ಟು ಎಂಬುದನ್ನು ಎಣಿಸಿದನು. ನಗರಕ್ಕೆ ಏಳನೆಯ ಮೈಲಿಗಲ್ಲಿನಿಂದ ಈಚೆಗೆ ಒಂದೇ ಕಟ್ಟಡದ ಮೇಲೆ ಹಲವು ಕಾಲುವೆಗಳು ಬರುತ್ತಿದ್ದವು. ಅದು ನಿಂತರೆ ರೋಮಿನ ಬಹುಪಾಲು ನೀರೇ ನಿಂತಂತೆ. ಆದುದರಿಂದ ಅಲ್ಲಿಗೆ ಹೆಚ್ಚಿನ ಎಚ್ಚರ. ದುರಸ್ತಿಯ ಕಾಲದಲ್ಲಿ ಸೀಸದ ದೋಣಿಗಳ ಮೂಲಕ ನೀರು ಹರಿಸುವ ಉಪಾಯ. ನೀರು ನಿಲ್ಲಿಸಿ ಮಾಡುವ ಕೆಲಸವನ್ನು ಬೇಸಿಗೆಯಲ್ಲಿ ಮಾಡಬಾರದು; ಒಮ್ಮೆಗೆ ಒಂದೇ ಕಾಲುವೆ; ಸಾಮಾನೆಲ್ಲ ಮೊದಲೇ ಸಿದ್ಧವಾಗಿರಬೇಕು. ಇವು ಅವನ ನಿಯಮಗಳು.

ಇಂದಿನ ಎಂಜಿನಿಯರುಗಳು ಕೊಳವೆ ಮಾರ್ಗಗಳನ್ನು ಕಾಯುವಾಗಲೂ ಕೇಳಿಕೊಳ್ಳುವುದು ಇವೇ ಎರಡು ಪ್ರಶ್ನೆಗಳನ್ನು: ಕೆಡುವ ಸಂಭವವೆಷ್ಟು? ಕೆಟ್ಟರೆ ಕೇಡೆಷ್ಟು?

ಕ್ರಿ. ಶ. ೧೦೩ರ ಸುಮಾರಿಗೆ ಫ್ರಾಂಟಿನಸನು ತೀರಿಕೊಂಡನು. ತನಗೆ ಸ್ಮಾರಕವನ್ನು ಕಟ್ಟಬಾರದೆಂದು ವಿಧಿಸಿದ್ದನು. ಅವನ ಗ್ರಂಥ ಮಾತ್ರ ಉಳಿಯಿತು.

ನಮ್ಮ ತಂದೆಯವರು ಗ್ರಂಥ ಬರೆಯಲಾರರು. ಏರಿ ಒಡೆದರೆ ತೂಬಿನ ಮಗ್ಗುಲಲ್ಲೇ ಒಡೆಯುವುದೆಂದೂ, ಒಡೆದರೆ ಊರಿಗೆ ಊರೇ ಕೆಡುವುದೆಂದೂ ಅವರು ಬಲ್ಲರು. ಈ ರಜೆಯಲ್ಲಿ ಅವರ ಹಿಂದೆ ನಾನೂ ಏರಿಯ ಮೇಲೆ ನಡೆದು, ಅವರು ಬಲ್ಲುದನ್ನು ಬರೆದಿಡಬೇಕೆಂದಿದ್ದೇನೆ.