ಬಿ.ಎಲ್. ರೈಸ್ (1837–1927): ಹೋಬಳಿ ಶಾಲೆಗಳ ರೂವಾರಿ

ಬೆಂಜಮಿನ್ ಲೂಯಿಸ್ ರೈಸ್ ಅವರು 1837ರಲ್ಲಿ ಬೆಂಗಳೂರಿನಲ್ಲಿ ಜನಿಸಿದರು. ಇಂಗ್ಲೆಂಡಿನಲ್ಲಿ ವ್ಯಾಸಂಗ ಪೂರೈಸಿ, 1860ರಲ್ಲಿ ಬೆಂಗಳೂರು ಹೈಸ್ಕೂಲಿನ ಮುಖ್ಯಸ್ಥರಾಗಿಯೂ 1865ರಲ್ಲಿ ಮೈಸೂರು ಮತ್ತು ಕೊಡಗಿನ ಶಾಲೆಗಳ ಇನ್‌ಸ್ಪೆಕ್ಟರ್ ಆಗಿಯೂ ನೇಮಕಗೊಂಡರು.

1868ರಲ್ಲಿ ಅವರು ಹೋಬಳಿಗೊಂದು ಸರ್ಕಾರಿ ಶಾಲೆಯನ್ನು ತೆರೆಯುವ ಯೋಜನೆಯನ್ನು ರೂಪಿಸಿದರು. ಆಗ ಗ್ರಾಮಗಳಲ್ಲಿ ಬೋಧನೆಯು ಬಹುಮಟ್ಟಿಗೆ ಕೂಲಿಮಠದ ಉಪಾಧ್ಯಾಯರ ಕೈಯಲ್ಲಿತ್ತು. ಅವರನ್ನು ದೂರವಿಟ್ಟಲ್ಲಿ ಅವರ ಜೀವನೋಪಾಯಕ್ಕೂ ಹೊಸ ಶಾಲೆಯ ಮೇಲಿನ ಗ್ರಾಮಸ್ಥರ ವಿಶ್ವಾಸಕ್ಕೂ ಧಕ್ಕೆಯಾಗುವ ಸಂಭವವಿತ್ತು. ಆದುದರಿಂದ ಸಾಧ್ಯವಿದ್ದೆಡೆ ಅವರನ್ನೇ ಆಯ್ದು, ನಾರ್ಮಲ್ ಶಾಲೆಯಲ್ಲಿ ತರಬೇತಿ ನೀಡಿ, ಹೋಬಳಿ ಶಾಲೆಗಳಿಗೆ ನೇಮಿಸುವ ಕ್ರಮವನ್ನು ಅಳವಡಿಸಲಾಯಿತು.

ಮುಂದೆ ಪುರಾತತ್ವ ಇಲಾಖೆಯ ಮುಖ್ಯಸ್ಥರಾದ ರೈಸ್ ಅವರು ಶಾಸನಗಳನ್ನು ಸಂಗ್ರಹಿಸಿ ಪ್ರಕಟಿಸಿದರು. ತುಮಕೂರು ಜಿಲ್ಲೆಯ ಶಾಸನ ಸಂಪುಟವು 1904ರಲ್ಲಿ ಹೊರಬಂದಿತು. 1927ರಲ್ಲಿ ಅವರು ಇಂಗ್ಲೆಂಡಿನಲ್ಲಿ ನಿಧನರಾದರು.

ಹಿಂದೆ ತಾಲ್ಲೂಕು ಕೇಂದ್ರವಾಗಿದ್ದ ಹೊನ್ನವಳ್ಳಿಯು ಈಗ ತಿಪಟೂರು ತಾಲ್ಲೂಕಿನ ಹೋಬಳಿ ಕೇಂದ್ರವಾಗಿದೆ. ಇಂದು ಸರ್ಕಾರಿ ಶಾಲೆಯ ಅಭಿವೃದ್ಧಿ ಯೋಜನೆಯನ್ನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯು ಸಿದ್ಧಪಡಿಸುತ್ತದೆ. ಮುಖ್ಯ ಶಿಕ್ಷಕರು ಇದರ ಸದಸ್ಯ ಕಾರ್ಯದರ್ಶಿಗಳಾಗಿರುತ್ತಾರೆ. ಶಾಲಾ ಕಟ್ಟಡದ ಬಗ್ಗೆ ಮನವಿ ಸಲ್ಲಿಸಲಿಚ್ಛಿಸುವ ಸಾರ್ವಜನಿಕರು ಮೊದಲಿಗೆ ಅವರನ್ನು ಸಂಪರ್ಕಿಸಬಹುದು.